ಆಂಜನೇಯುಲು ಹಂಚಿದ ಅಖತ್ಯಾರ

ಸೋಮವಾರ ಮಕ್ತಲ್‌ನ ಕುರಿಗಾರರ ಸಂಘದಲ್ಲಿ ಯಾರೋ ಒಂದು ಗುಂಡಿ ಒತ್ತಿದರು. ಧನ್ವಾಡದ ನಾನೂರು ಕುರಿ ಒಂದೇ ಉಸಿರಿಗೆ ಮಾಯ. ಕುರಿಗಳೇನೋ ಹೊಲದಲ್ಲಿ ಮೇಯುತ್ತಲೇ ಇದ್ದವು, ಕಂಪ್ಯೂಟರಿನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಒತ್ತಿದವರು ಯಾರೆಂದು ಹೇಳುವಂತಿರಲಿಲ್ಲ. ಪಟ್ಟಿ ಇದ್ದದ್ದು ನಾರಾಯಣಪೇಟೆಯಲ್ಲಿರುವ ಪಶು ಇಲಾಖೆಯ ದೊಡ್ಡಾಫೀಸಿನ ಸರ್ವರಿನಲ್ಲಿ. ಮಕ್ತಲ್‌ನವರೆಲ್ಲ ಕೂತಲ್ಲಿಂದಲೇ ಅದರೊಳಗೆ ಹೋಗುತ್ತಿದ್ದರು, ಅದೂ ರೂಟ್ ಎಂಬ ಒಂದೇ ಖಾತೆಯಿಂದ. ರೂಟ್ ಎಂದರೆ ಯಜಮಾನನ ಖಾತೆ. ಏನನ್ನಾದರೂ ಬರೆಯಬಹುದು, ಏನನ್ನಾದರೂ ಅಳಿಸಬಹುದು. ಪಾಸ್‌ವರ್ಡು ಎದುರಿನ ಚಹಾದಂಗಡಿಯವನಿಗೂ ಬಾಯಿಪಾಠವಾಗಿತ್ತು.

ಬುಧವಾರ ಬೆಳಿಗ್ಗೆ ದೊಡ್ಡಾಫೀಸಿನ ವಿನಯ ಮೇಡಂ ಸಂಘದ ಕಂಪ್ಯೂಟರ್ ಆಪರೇಟರ್ ಆಂಜನೇಯುಲುಗೆ ಫೋನ್ ಮಾಡಿದರು.

"ಒಬ್ಬೊಬ್ಬರಿಗೂ ಬ್ಯಾರೆ ಖಾತೆ ಮಾಡ್ರಿ. ಯಾರ ಕೆಲಸಕ್ಕ ಎಷ್ಟು ಬೇಕೋ ಅಷ್ಟೇ ಅಖತ್ಯಾರ ಕೊಡ್ರಿ. ರೂಟ್‌ಗೆ ಹೊರಗಿಂದ ಬರೋ ದಾರಿ ಮುಚ್ಚಿಬಿಡ್ರಿ. ಮತ್ತ ಇವತ್ತ ಸಂಜಿ ನಾಕು ಗಂಟೆಯೊಳಗ ಕುರಿ ಪಟ್ಟಿ ಸರಿ ಮಾಡಿ ಕಳಸ್ರಿ. ಇಲ್ಲಂದ್ರ ನೀಲಿನಾಲಿಗಿ ರೋಗದ ಲಸಿಕಿ ಗಾಡಿ ಗದ್ವಾಲಕ್ಕ ಹೋಗತೈತಿ."

ಹನ್ನೊಂದಕ್ಕೆ ಖಾತೆಗಳು ತಯಾರಾದವು. ಕುರಿಗಳ ಲೆಕ್ಕ ಬರೆಯುವ ವಿಜಯಶ್ರೀಗೆ ಬರೆಯುವ ಹಕ್ಕು. ಪಟ್ಟಿ ನೋಡಿ ದಸ್ಕತ್ ಹಾಕುವ ಕಾರ್ಯದರ್ಶಿ ಪೆದ್ದಯ್ಯನವರಿಗೆ ನೋಡುವ ಹಕ್ಕು.

"ಆಕಿ ಬರೀತಾಳ, ನಾನು ಬರೇ ನೋಡ್ತೀನಿ? ನಾನೇನು ಸಿನಿಮಾ ನೋಡಾಕ ಬಂದೀನೇನೋ?" ಪೆದ್ದಯ್ಯನವರು ಗುಡುಗಿದರು.

"ನಿಮ್ಮ ಕೆಲಸ ನೋಡೋದೇ ಐತಲ್ರೀ, ಸಾರ್."

"ಅಳಸಾಕ ಬರದವ ಎಂಥಾ ಕಾರ್ಯದರ್ಶಿ? ವರ್ಷಾ ವರ್ಷಾ ನಿನ್ನ ನೌಕರಿ ಮುಂದುವರಿಸಾಕ ದಸ್ಕತ್ ಯಾರು ಹಾಕ್ತಾರ?"

ಆಂಜನೇಯುಲು ಕೀಲಿಮಣೆಯತ್ತ ತಿರುಗಿದ. ತಂತಮ್ಮ ಖಾತೆಯಿಂದಲೇ ರೂಟ್‌ನಂತೆ ಏನನ್ನಾದರೂ ಬರೆದು ಅಳಿಸಬಲ್ಲ ಯಜಮಾನರ ಸಾಲಿಗೆ ಪೆದ್ದಯ್ಯನವರ ಹೆಸರು ಸೇರಿಸಿದ.

ಸುದ್ದಿ ಅಧ್ಯಕ್ಷೆ ಶಂಕರಮ್ಮನವರಿಗೆ ಮುಟ್ಟಿತು. ಆಟೋದಿಂದ ಇಳಿಯುತ್ತಲೇ, "ಏನಪಾ, ಕಾರ್ಯದರ್ಶಿಗಿಂತ ನಾನು ಸಣ್ಣಾಕಿಯೇನು?" ಎಂದರು. ಅವರ ಹೆಸರೂ ಸೇರಿತು. ವಿಜಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು ಅಷ್ಟೇ. ಅವಳದೂ ಸೇರಿತು. ಸಂಘದ ಹತ್ತು ಮಂದಿ ನಿರ್ದೇಶಕರೂ ಒಬ್ಬರ ಹಿಂದೊಬ್ಬರು ಬಂದರು. ಒಂದು ಗಂಟೆಯ ಹೊತ್ತಿಗೆ ಸಾಲು ಮದುವೆಯೂಟದ ಪಂಕ್ತಿಯಷ್ಟು ಉದ್ದವಾಗಿತ್ತು.

ಇನ್ನು ಸಾಕೆಂದು ಅವನು ರೂಟ್‌ನ ದಾರಿ ಮುಚ್ಚಿ, ಹೊರಬಂದು, ತನ್ನ ಹೆಸರಿನಿಂದ ಒಳಹೊಕ್ಕ. ಕುರಿ ಪಟ್ಟಿಗೆ ಕೈ ಹಾಕಿದ. ನಿನಗೆ ಅನುಮತಿಯಿಲ್ಲ ಎಂದಿತು ಪರದೆ. ಮತ್ತೆ ಒತ್ತಿದ. ಮತ್ತೆ ಅದೇ. ಊರನ್ನೆಲ್ಲ ಪಂಕ್ತಿಗೆ ಕೂರಿಸಿದವನು ತನಗೊಂದು ಎಲೆ ಹಾಕಿಕೊಳ್ಳುವುದನ್ನೇ ಮರೆತಿದ್ದ.

"ಸಾರ್, ನಿಮ್ಮ ಖಾತೆಯಿಂದ ಒಂದೇ ಸಾಲು ಟೈಪ್ ಮಾಡ್ರಿ, ನನ್ನ ಹೆಸರು ಸೇರತೈತಿ."

ಪೆದ್ದಯ್ಯನವರು ಕನ್ನಡಕ ಏರಿಸಿಕೊಂಡರು. ಮುಂಜಾನೆಯ ಪೆದ್ದಯ್ಯ ಈಗ ಇರಲಿಲ್ಲ. "ಅರ್ಜಿ ಬರಿ. ಕೆಳಗ ಅಧ್ಯಕ್ಷರ ದಸ್ಕತ್ ಬೇಕು."

ಅರ್ಜಿ ಓದಿ ಶಂಕರಮ್ಮ, "ಮೊದಲು ಅವರು ಹಾಕಲಿ. ಕಾರ್ಯದರ್ಶಿಗಿಂತ ಮೊದಲು ಅಧ್ಯಕ್ಷರು ಹಾಕೋ ಪದ್ಧತಿ ಎಲ್ಲೈತಿ?" ಎಂದರು.

ವಿಜಯಶ್ರೀ ಮಾತ್ರ ಪಾಪ, ಮಾಡಿಕೊಡಲು ಕೂತಳು. ಗಾಬರಿಗೆ ಪಾಸ್‌ವರ್ಡು ಮೂರು ಸಲ ತಪ್ಪಿತು. ಸರ್ವರು ಅವಳನ್ನೂ ಹೊರಗೆ ಹಾಕಿ ಕದ ಮುಚ್ಚಿತು. ನಿರ್ದೇಶಕರು ಆಗಲೇ ತಂತಮ್ಮ ಊರಿಗೆ ಹೊರಟುಹೋಗಿದ್ದರು.

ಎರಡೂವರೆಯಾಯಿತು. ಲಸಿಕೆ ತಪ್ಪಿದರೆ ಮಂಡಲದ ಕುರಿಗಾರರೆಲ್ಲ ಅವನ ಮನೆ ಬಾಗಿಲಿಗೇ ಬರುವವರು, ಎಲ್ಲರಿಗಿಂತ ಮುಂದೆ ಅರವತ್ತು ಕುರಿಯ ಒಡತಿಯಾದ ಅವನ ಅತ್ತೆ. ವಿನಯ ಮೇಡಂಗೆ ಫೋನ್ ಹಚ್ಚಿದರೆ ಯಾರೂ ಎತ್ತಲಿಲ್ಲ. ರೂಟ್‌ಗೆ ಹೊರಗಿನ ದಾರಿ ಮುಚ್ಚಿದ್ದರಿಂದ ಸರ್ವರಿನ ಮುಂದೆಯೇ ಹೋಗಿ ನಿಲ್ಲುವುದೊಂದೇ ದಾರಿ. ನಾರಾಯಣಪೇಟೆಯ ಬಸ್ಸಿನಲ್ಲಿ ಎರಡು ಮೆಣಸಿನಕಾಯಿ ಚೀಲಗಳ ನಡುವೆ ನಿಂತ. ದಾರಿಯುದ್ದಕ್ಕೂ ಸೀನಿದ, ಕಣ್ಣಲ್ಲಿ ನೀರು ಮೆಣಸಿನಕಾಯಿಗೆ ಬಂತೋ ದುಃಖಕ್ಕೆ ಬಂತೋ ಅವನಿಗೇ ತಿಳಿಯಲಿಲ್ಲ.

ದೊಡ್ಡಾಫೀಸು ಮುಟ್ಟಿದಾಗ ನಾಲ್ಕು ದಾಟಿ ಹತ್ತು ನಿಮಿಷ.

"ಮೇಡಂ, ತಪ್ಪಾತು! ನನ್ನ ಒಳಗ ಬಿಡ್ರಿ, ಪಟ್ಟಿ ಇನ್ನೂ..."

"ಪಟ್ಟಿ ಆಗಲೇ ಬಂತಲ್ರೀ," ಎಂದರು ವಿನಯ. "ವಿಜಯಶ್ರೀ ವಹಿ ನೋಡಿ ಹೇಳ್ಯಾರ, ಪೆದ್ದಯ್ಯನವರೇ ಕುಂತು ಬರದು ಕಳಿಸ್ಯಾರ. ಧನ್ವಾಡದ ಕುರಿ ಸುದ್ದಾ ಅದಾವ, ಒಂದೂ ತಪ್ಪಿಲ್ಲ. ಲಸಿಕಿ ಗಾಡಿ ನಾಳಿ ಮಕ್ತಲ್‌ಗೇ ಬರತೈತಿ."

ಆಂಜನೇಯುಲುಗೆ ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಕುಸಿದು ಒಂದು ತಂಬಿಗೆ ನೀರು ಕುಡಿದ.

"ಹಂಗಾರ ನನ್ನ ಹೆಸರೊಂದು ಸೇರಿಸ್ರಿ, ಮೇಡಂ."

"ಯಾಕ್ರೀ? ಮಕ್ತಲ್‌ದಾಗ ಈಗ ಹದಿಮೂರು ಮಂದಿ ಯಜಮಾನರು ಅದಾರ. ಆಪರೇಟರ್ ಇಲ್ಲದನ ಕೆಲಸ ಮುಗಿಸ್ಯಾರ. ಇನ್ನ ಆಪರೇಟರ್ ಜರೂರತ್ ಇಲ್ಲಂತ ಪಟ್ಟಿ ಜೊತಿಗೇ ಪತ್ರ ಕಳಿಸ್ಯಾರ."

ಅವನು ತಂಬಿಗೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತ.

"ಅಂಜಬ್ಯಾಡ್ರಿ, ನೌಕರಿ ಹೋಗಂಗಿಲ್ಲ. ನಾಳಿಂದ ಮಲ್ದಕಲ್ ಸಂಘಕ್ಕ ಹೋಗ್ರಿ. ಅಲ್ಲಿ ಇನ್ನೂ ಎಲ್ಲಾರೂ ರೂಟ್‌ನಾಗೇ ಅದಾರ. ಇದೇ ಕೆಲಸ, ಖಾತೆ ಬ್ಯಾರೆ ಬ್ಯಾರೆ ಮಾಡಿ ಅಖತ್ಯಾರ ಹಂಚೋದು."

"ಎಷ್ಟು ಮಂದಿ ಅದಾರ್ರೀ?" ಎಂದ ಆಂಜನೇಯುಲು.

"ಭಾಳ ಇಲ್ಲ, ಇಪ್ಪತ್ತೇಳು," ಎಂದು ವಿನಯ ಮೇಡಂ ಕಡತ ತಿರುವಿದರು. "ಅದರಾಗ ಅಧ್ಯಕ್ಷರು ಇಬ್ಬರು. ಖರೇ ಅಧ್ಯಕ್ಷರು ಯಾರಂತ ಕೋರ್ಟಿನಾಗ ಐತಿ."