ಒಂಬತ್ತನೇ ನಿಮಿಷದ ಗಂಟೆ

ಶನಿವಾರ ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಗ್ರಹಚಾರ ಕೆಟ್ಟಿತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹಾಡು ಹಾಕುವ ಮುಂಚೆ ಗಡಿಯಾರ ನೋಡಿದ್ದೆ. ಇಪ್ಪತ್ತಮೂರು ನಿಮಿಷದ ಹಾಡು ಎಷ್ಟು ಹೊತ್ತಿಗೆ ಮುಗಿದೀತು ಎಂಬ ಚಿಂತೆ ಆಗಲೇ ಹತ್ತಿತ್ತು. ಅರ್ಥವಾಗದ ಸಂಗೀತಕ್ಕೆ ತಲೆದೂಗುವುದು ನನ್ನ ಹಳೆಯ ಚಾಳಿ. ಕಾಲೇಜಿನ ದಿನಗಳಲ್ಲಿ ಕಛೇರಿಗೆ ಹೋದರೆ ಮುಂದಿನ ಸಾಲಿನವರ ತಲೆ ಅಲ್ಲಾಡಿದಾಗಲೆಲ್ಲ ನನ್ನದೂ ಅಲ್ಲಾಡುತ್ತಿತ್ತು. ಒಮ್ಮೆ ಅವರು ತೂಕಡಿಸುತ್ತಿದ್ದರು ಎಂಬುದು ಆಮೇಲೆ ತಿಳಿಯಿತು.

ಈ ಹಾಡು ಕೊಟ್ಟವನು ನಮ್ಮ ಆಫೀಸಿನ ಎರಿಕ್, ನಾರ್ವೆಯವನು. ನಿಮ್ಮ ಕಡೆಯ ಸಂಗೀತ ಹೇಗಿರುತ್ತದೆ ಎಂದು ಊಟದ ಹೊತ್ತಿಗೆ ಸೌಜನ್ಯಕ್ಕೆ ಕೇಳಿದ್ದೇ ತಪ್ಪಾಯಿತು. ಅದು ರಾಕ್ ಅಂತೆ, ಆದರೆ ಸಿಂಫನಿಯ ಹಾಗೆ ಭಾಗಭಾಗವಾಗಿ ಬೆಳೆಯುತ್ತದಂತೆ, ನಡುನಡುವೆ ಅವರ ಹಳ್ಳಿಯ ಕುಣಿತದ ಮಟ್ಟುಗಳೂ ಬರುತ್ತವಂತೆ. ಪಲ್ಲವಿ ಎಲ್ಲಿ ಬರುತ್ತದೆ ಎಂದು ಕೇಳಿದೆ. ಕಾಯಬೇಕು ಅಂದ. ಸೋಮವಾರ ಅಭಿಪ್ರಾಯ ಹೇಳಬೇಕು ಎಂದೂ ಅಂದ.

ಗಲ್ಫಿನ ಅಲ್ ಮುರಕ್ಕಬಾತ್ ಬಡಾವಣೆಯ ನಮ್ಮ ಒಂಬತ್ತನೇ ಮಹಡಿಯ ಮನೆಯಲ್ಲಿ ಆಗ ಇದ್ದವರು ನಾನು, ಮಾವ ಇಬ್ಬರೇ. ಹೆಂಡತಿ ಶೈಲಾ ಡ್ಯೂಟಿಗೆ ಹೋಗಿದ್ದಳು. ಮಾವ ಬ್ರಹ್ಮಾವರದ ಕಡೆಯವರು, ವಿಸಿಟ್ ವೀಸಾದ ಮೇಲೆ ಬಂದಿದ್ದರು. ಮಂಡಿನೋವು ಜಾಸ್ತಿ, ಯಕ್ಷಗಾನದ ಹುಚ್ಚು ಅದಕ್ಕಿಂತ ಜಾಸ್ತಿ. ಆರು ನಿಮಿಷವಾದರೂ ಹಾಡಿನಲ್ಲಿ ಯಾರೂ ಬಾಯಿ ತೆರೆಯದಿದ್ದಾಗ ಅವರು ಕೇಳಿದರು: "ಇದ್ರಲ್ಲಿ ಭಾಗವತರು ಯಾರು ಮಾರಾಯ್ರೆ?"

ಕಾಯಬೇಕಂತೆ ಎಂದೆ. ಬರೀ ಕೊಳಲೊಂದು ನುಡಿಯುತ್ತಿದ್ದಾಗ ದೂರದಲ್ಲಿ ಎಲ್ಲೋ ಗಂಟೆ ಶುರುವಾಯಿತು. "ಹಾಂ, ತಾಳ ಬಂತು ಕಾಣಿ" ಅಂದರು ಮಾವ. ಅವರ ಮುಖ ಅರಳಿತು. ಗಂಟೆ ನಿಲ್ಲಲೇ ಇಲ್ಲ. ನಾನು ತಲೆದೂಗಿದೆ. ಸುಟ್ಟ ವಾಸನೆಯೂ ಬಂತು. ಪಕ್ಕದ ಮನೆಯಲ್ಲಿ ಒಣಮೀನು ಸುಡುತ್ತಿರಬೇಕು ಎಂದು ಮಾವನೇ ತೀರ್ಮಾನಿಸಿದರು. ಆಮೇಲೆ ಪಿಟೀಲು ಬಂತು. ಅದರ ಹಿಂದೆಯೇ ಧಡಧಡ ಪೆಟ್ಟು. ಮಾವ ತೊಡೆ ತಟ್ಟುತ್ತಾ, ಈ ಚಂಡೆಯವ ಗಟ್ಟಿಗ ಅಂದರು. ಆ ಭಾಗ ನನಗೂ ನಿಜವಾಗಿ ಹಿಡಿಸಿತು, ಎರಿಕ್‌ಗೆ ಇದನ್ನೇ ಹೊಗಳಬೇಕು ಎಂದುಕೊಂಡೆ. ಅಷ್ಟರಲ್ಲಿ ಚಂಡೆ ನನ್ನ ಹೆಸರು ಹಿಡಿದು ಕರೆಯಿತು.

ಬಾಗಿಲು ತೆರೆದರೆ ಎದುರು ಮನೆಯ ಇಲ್ಯಾಸ್ ಭಾಯಿ, ಭಟ್ಕಳದವರು, ಬಟ್ಟೆ ವ್ಯಾಪಾರಿ. ಅವರ ಹಿಂದೆ ಕಾರಿಡಾರಿನ ತುಂಬಾ ಹೊಗೆ. ನಾನು ಮಾವನ ಚಪ್ಪಲಿ ಹುಡುಕತೊಡಗಿದೆ.

"ಚಪ್ಪಲಿ ಮಾಫಿ, ಬೇಡ. ಮಾವನ್ನ ಹಿಡ್ಕೊಳ್ಳಿ. ಯಲ್ಲಾ, ನಡೀರಿ" ಅಂದರು ಇಲ್ಯಾಸ್ ಭಾಯಿ.

ಆರನೇ ಮಹಡಿಯಲ್ಲಿ ಯಾರದೋ ಎ.ಸಿ. ಹೊತ್ತಿಕೊಂಡಿತ್ತು. ಬ್ಲೂಟೂತ್ ಸ್ಪೀಕರಿನ ಸಂಪರ್ಕ ತಪ್ಪಿದರೆ ತಾನೇ ಹಾಡುವ ದುರಭ್ಯಾಸ ನನ್ನ ಹಳೆಯ ಫೋನಿಗಿದೆ. ಹೀಗಾಗಿ ನಾವು ಮೆಟ್ಟಿಲಿಳಿಯುವಾಗ ನನ್ನ ಜೇಬಿನೊಳಗೆ ನಾರ್ವೆಯ ಹಳ್ಳಿಗರು ಕುಣಿಯುತ್ತಲೇ ಇದ್ದರು. ಏಳನೇ ಮಹಡಿಯ ತಿರುವಿನಲ್ಲಿ ಮಾವ ಕೆಮ್ಮುತ್ತಾ ಕುಳಿತುಬಿಟ್ಟರು. ಕೆಳಗಿನಿಂದ ಹೊಗೆ ಏರುತ್ತಿತ್ತು.

"ನಂಗಾತಿಲ್ಲೆ. ನೀವು ಹೋಗಿ. ಶೈಲನ್ನ ಚಂದ ಮಾಡಿ ಕಾಣಿ" ಅಂದರು.

ಉತ್ತರವಾಗಿ ನಾನು ಏನು ಹೇಳಿದೆನೋ ನೆನಪಿಲ್ಲ. ಇಲ್ಯಾಸ್ ಭಾಯಿಯೂ ನಾನೂ ಕೈಗೆ ಕೈ ಹೆಣೆದು, ಅವರನ್ನು ಅದರ ಮೇಲೆ ಕೂರಿಸಿಕೊಂಡು ಇಳಿದೆವು. ಯಾರಿಗೂ ಏನೂ ಆಗಲಿಲ್ಲ. ಫುಟ್‌ಪಾತಿನ ಮೇಲೆ ಬರಿಗಾಲಲ್ಲಿ ನಿಂತಾಗ ಜೇಬಿನಲ್ಲಿ ಯಾರೋ ಹಾಡಲು ಶುರುಮಾಡಿದರು. ಭಾಗವತರು ಬಂದಿದ್ದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಏಳನೇ ಮಹಡಿಯ ತಿರುವು. ನನ್ನನ್ನು ಕೊರೆದ ಪ್ರಶ್ನೆ ಒಂದೇ: ಗಂಟೆ ಶುರುವಾದ ಮೇಲೆ ನಾವು ಎಷ್ಟು ಹೊತ್ತು ತಲೆದೂಗುತ್ತಾ ಕೂತಿದ್ದೆವು? ಅಥವಾ ಹಾಡಿನಲ್ಲೇ ಒಂದು ಗಂಟೆ ಇದ್ದು, ಅಲಾರಂ ಆಮೇಲೆ ಸೇರಿಕೊಂಡಿತೆ? ಎರಿಕ್‌ನನ್ನು ಕೇಳಿದೆ. ಇಡೀ ಹಾಡಿನಲ್ಲಿ ಗಂಟೆಯೇ ಇಲ್ಲ ಅಂದ. ಕೊಳಲಿನ ಜೊತೆಗೆ ಏನು ಕೇಳಿಸಿತು ಎಂದು ತಿರುಗಿ ನನ್ನನ್ನೇ ಕೇಳಿದ. ಉಳಿದದ್ದನ್ನು ಹಾಡನ್ನೇ ಕೇಳಿ ತಿಳಿಯಬೇಕಿತ್ತು. ಎರಡು ವಾರ ಧೈರ್ಯ ಬರಲಿಲ್ಲ.

ಮೂರನೇ ಶನಿವಾರ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ. ಕೊಳಲು ಒಂಟಿಯಾದದ್ದು ಒಂಬತ್ತನೇ ನಿಮಿಷಕ್ಕೆ. ಪಿಟೀಲು ಬಂದದ್ದು ಹದಿಮೂರಕ್ಕೆ. ಚಂಡೆ ಬರಲೇ ಇಲ್ಲ. "ನಾಲ್ಕು ನಿಮಿಷ, ಮಾವ" ಎಂದೆ.

ಮಾವ ಕೈ ಚಾಚಿ ಹಾಡು ನಿಲ್ಲಿಸಿದರು. ಆಮೇಲೆ, "ತಾಳ ಅಂದದ್ದು ನಾನು. ಒಣಮೀನು ಅಂದದ್ದೂ ನಾನೇ. ಆ ನಾಲ್ಕರಲ್ಲಿ ಎರಡು ನಿಮಿಷ ನನ್ನ ಲೆಕ್ಕಕ್ಕೆ ಹಾಕಿ" ಅಂದರು.

ಆ ರಾತ್ರಿ ನಾನು ಒಮ್ಮೆಯೂ ಏಳದೆ ನಿದ್ದೆ ಮಾಡಿದೆ. ಕಣ್ಣು ಬಿಟ್ಟಾಗ ಭಾನುವಾರ ಹನ್ನೊಂದು ಗಂಟೆ. ಮಾವ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದರು. ಹತ್ತು ಗಂಟೆಗೆ ಕಟ್ಟಡದವರು ಹೊಸ ಅಲಾರಂ ಪರೀಕ್ಷೆ ಮಾಡಿದರಂತೆ. ಎಲ್ಲರೂ ಕೆಳಗೆ ಇಳಿದಿದ್ದರಂತೆ, ಮಾವನೂ ಶೈಲಾಳ ಕೈ ಹಿಡಿದು ಪೂರ್ತಿ ಒಂಬತ್ತು ಮಹಡಿ. ನನ್ನನ್ನೇಕೆ ಎಬ್ಬಿಸಲಿಲ್ಲ ಎಂದು ಕೇಳಿದೆ. ಎಬ್ಬಿಸಲು ಬಂದು, ಮನಸ್ಸಾಗದೆ ಹಾಗೇ ಹಿಂದಿರುಗಿದ್ದಳಂತೆ ಶೈಲಾ. ಗಂಟೆ ಹೊಡೆಯುತ್ತಲೇ ಇತ್ತು, ನಿದ್ದೆಯಲ್ಲೇ ನಾನು ಮೆಲ್ಲಗೆ ತಲೆದೂಗುತ್ತಿದ್ದೆನಂತೆ.