ಒಂದು ಕೊಟ್ಟು ಮೂರು ತಂದ ಮಹಾವ್ಯಾಪಾರ

"ಈ ಟ್ರೇಡ್‌ನಲ್ಲಿ ಗೆದ್ದಿದ್ದು ನಮ್ಮ ತಂಡಾನೇ! ಸಂಜೆಯೊಳಗೆ ಇದನ್ನ ನಿನ್ನ ಬಾಯಿಂದಲೇ ಹೇಳಿಸದಿದ್ರೆ, ಬಾಸ್ಕೆಟ್‌ಬಾಲ್ ನೋಡೋದನ್ನೇ ಬಿಟ್ಬಿಡ್ತೀನಿ!"

ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದವರು ಕನ್ನಡಕದ ಅಂಗಡಿಯ ಯಜಮಾನರು. ಮಾಡಿದ್ದು ರಜೆಯ ದಿನ, ಸ್ವಂತ ಸೋಫಾದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತು. ಎದುರಿಗಿದ್ದವನು ಹೆಂಡತಿಯ ತಮ್ಮ. ಮೇಲಿನ ಮಹಡಿಯಲ್ಲಿ ಒಂಟಿ ವಾಸ, ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಓಟಕ್ಕೆ ಬ್ರೇಕ್ ಹಾಕುವುದೇ ಅವನ ಕಸುಬು. ಆ ಅಭ್ಯಾಸಬಲದಿಂದ ಭಾವನ ಮಾತಿಗೂ ಆಗಾಗ ಬ್ರೇಕ್ ಒತ್ತುತ್ತಿದ್ದ.

ಆವತ್ತು ಬೆಳಿಗ್ಗೆ ಬಂದ ಸುದ್ದಿಯೇ ಅಂಥದ್ದು. ಯಜಮಾನರ ತಂಡ ತನ್ನ ಮಹಾತಾರೆಯನ್ನು ಭಾವಮೈದುನನ ತಂಡಕ್ಕೆ ಕೊಟ್ಟು, ಬದಲಿಗೆ ಮೂವರು ಆಟಗಾರರನ್ನು ತಂದುಕೊಂಡಿತ್ತು. ಆ ತಾರೆಗೆ ಅಭಿಮಾನಿಗಳಿಟ್ಟ ಹೆಸರು 'ಗೋಪುರ'. ಅವನು ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಾನೆ, ಎದುರಾಳಿಗಳು ಅವನನ್ನು ಕಂಡರೇ ತಲೆ ಬಗ್ಗಿಸುತ್ತಾರೆ!

"ಭಾವಾ, ಅವನು ರಿಂಗ್ ಕೆಳಗೆ ನಿಂತ್ರೆ ಚೆಂಡೇ ಹೆದರಿಕೊಂಡು ಬಂದು ಕೈ ಸೇರುತ್ತೆ. ಅಂಥವನನ್ನ ಕೊಟ್ಟು ಗೆದ್ವಿ ಅಂತೀರಲ್ಲ!"

"ಗೋಪುರ ಗೋಪುರವೇ, ಇಲ್ಲ ಅಂದೋರು ಯಾರು? ನಿನ್ನೆವರೆಗೂ ನನ್ನ ಕಣ್ಮಣಿ ಅವನು. ಆದ್ರೆ ಒಬ್ಬನಿಗೆ ಎರಡೇ ಕೈ ಕಣಯ್ಯಾ. ಮೂವರಿಗೆ ಆರು!"

"ಅಲ್ಲಾ, ಗೋಪುರದ ಜೊತೆ ನಿಮ್ಮೋರು ಇನ್ನೊಬ್ಬನ್ನೂ ಕಳಿಸಿದಾರಲ್ಲ, ಅವನ್ಯಾಕೆ?"

"ಅವನಾ?" ಯಜಮಾನರು ನಗು ತಡೆಯಲಾರದೆ ಕನ್ನಡಕ ತೆಗೆದರು. "ಎರಡೂ ಕಡೆಯಿಂದ ಹೋಗೋ ಆಟಗಾರರ ಸಂಬಳ ಹೆಚ್ಚುಕಮ್ಮಿ ಸಮ ಆಗಬೇಕು ಅಂತ ನಿಯಮ. ಲೆಕ್ಕ ಸರಿಹೋಗಲಿ ಅಂತ ಮೂಲೇಲಿ ಕೂತೋನನ್ನ ಸೇರಿಸಿ ತಳ್ಳೋದು. ಅವನನ್ನ ಯಾರೂ ಕೇಳಿರಲ್ಲ. ಪಾಪ, ತಾನು ಹೋಗ್ತಿರೋದು ಅವನಿಗೇ ಟೀವಿ ನೋಡಿ ಗೊತ್ತಾಗೋದು!"

ಆ ಬಡಪಾಯಿಯನ್ನು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿದ ಮೇಲೆ ಭಾವಮೈದುನ ಮೆಲ್ಲಗೆ ಗೇರ್ ಬದಲಿಸಿದ.

"ಹಾಗಾದ್ರೆ ಒಂದು ಕೊಟ್ಟು ಮೂರು ತಗೊಂಡೋರೇ ಗೆದ್ದೋರಾ?"

"ನೂರಕ್ಕೆ ನೂರು!"

"ಸರಿ. ನನ್ನ ವಾಷಿಂಗ್ ಮೆಷೀನ್ ಕೆಟ್ಟು ಕೂತಿದೆ. ನಿಮ್ಮದನ್ನ ಕೊಡಿ. ನಾನು ಟೇಬಲ್ ಫ್ಯಾನು, ಇಸ್ತ್ರಿ ಪೆಟ್ಟಿಗೆ, ವ್ಯಾಕ್ಯೂಮ್ ಕ್ಲೀನರ್, ಮೂರೂ ಕೊಡ್ತೀನಿ."

ಬುದ್ಧಿವಂತನಾಗಿದ್ದರೆ ಇಲ್ಲಿ ಕೆಮ್ಮಿ ಮಾತು ಬದಲಿಸುತ್ತಿದ್ದ. ಆದರೆ ಊರಿನವರ ಕಣ್ಣು ಪರೀಕ್ಷಿಸುವ ಯಜಮಾನರಿಗೆ ತಮ್ಮ ಮೂಗಿನ ಕೆಳಗಿನ ಗುಂಡಿ ಕಾಣಲಿಲ್ಲ. ಎದ್ದು ನಿಂತು ಕೈ ಕುಲುಕಿದರು. ಪ್ಲಗ್ ಕಿತ್ತರು. ಪೈಪು ಬಿಚ್ಚಿದರು. ಇಬ್ಬರೂ ಸೇರಿ ಮೆಷೀನನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತಿದರು.

"ಭಾವಾ, ಒಳಗೇನೋ ಗುಳುಗುಳು ಅಂತಿದೆ."

"ದೊಡ್ಡ ತಾರೆಗಳಿಗೆ ತಂಡ ಬಿಡೋವಾಗ ದುಃಖ ಉಕ್ಕುತ್ತೆ. ನೀನು ಎತ್ತು!"

ದುಃಖ ಮೆಟ್ಟಿಲುದ್ದಕ್ಕೂ ತೊಟ್ಟಿಕ್ಕಿತು.

ಕೆಳಗೆ ಬಂದು ಯಜಮಾನರು ತಮ್ಮ ಮೂವರು ವೀರರನ್ನು ಖಾಲಿಯಾದ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿ, ಒಂದೇ ಪ್ಲಗ್ ಪಾಯಿಂಟಿನಿಂದ ಮೂವರನ್ನೂ ಒಟ್ಟಿಗೆ ಕಣಕ್ಕಿಳಿಸಿದರು. ಫ್ಯಾನು ಧೂಳೆಬ್ಬಿಸಿತು, ಕ್ಲೀನರ್ ಅದನ್ನಟ್ಟಿಸಿಕೊಂಡು ಹೋಯಿತು, ಇಸ್ತ್ರಿ ಪೆಟ್ಟಿಗೆ ಕೆಂಪಗೆ ಕಣ್ಣು ಬಿಟ್ಟಿತು. ಆಹಾ, ಎಂಥ ಹೊಂದಾಣಿಕೆ ಎನ್ನುವಷ್ಟರಲ್ಲಿ ಟಪ್ಪೆಂದು ಫ್ಯೂಸ್ ಹೋಯಿತು!

ಕತ್ತಲ ಮೂಲೆಯಲ್ಲಿ ಟಾರ್ಚ್ ಹುಡುಕುತ್ತಿದ್ದಾಗ ಹೆಂಡತಿ ಬಂದರು. ಆಸ್ಪತ್ರೆಯ ಹೆಡ್ ನರ್ಸ್ ಆಕೆ. ಯಾರಿಗೆ ರಾತ್ರಿ ಪಾಳಿ, ಯಾರಿಗೆ ಹಗಲು, ಯಾರ ರಜೆ ಯಾರ ತಲೆಗೆ ಎಂದು ಇಡೀ ವಾರ್ಡಿನ ಅದಲುಬದಲು ಮಾಡಿಯೂ ಎರಡೂ ಕಡೆಯವರಿಂದ ಥ್ಯಾಂಕ್ಸ್ ಹೇಳಿಸಿಕೊಳ್ಳುವ ಹೆಂಗಸು.

"ರೀ, ಬೆಳಿಗ್ಗೆ ಮೆಷೀನಿಗೆ ಯೂನಿಫಾರ್ಮ್ ಹಾಕಿ ಹೋಗಿದ್ದೆ. ಒಣಗಿಸಿದ್ರಾ?"

ಆ ಗುಳುಗುಳು ಯಾವುದೆಂದು ಯಜಮಾನರಿಗೆ ಆಗ ಹೊಳೆಯಿತು.

ಮೇಲೆ ಹೋಗಿ ನೋಡಿದರೆ, ಒಳಗೇನಿದೆ ಎಂದೂ ನೋಡದೆ ಭಾವಮೈದುನ ತನ್ನ ತಂಡದ ಕೆಂಪು ಜೆರ್ಸಿ ಎಸೆದು ಬಿಸಿನೀರಿನ ಬಟನ್ ಒತ್ತಿದ್ದ. ಹಂಸದಂತಿದ್ದ ಯೂನಿಫಾರ್ಮ್ ಗುಲಾಬಿಯಾಗಿ ಹೊರಬಂತು! ನಾಳೆ ಬೆಳಿಗ್ಗೆ ಹಾಕಿಕೊಳ್ಳಲು ಇದ್ದದ್ದು ಅದೊಂದೇ.

ಯಜಮಾನರು ಸಿಡಿಲಿಗೆ ಕಾದು ಕಣ್ಣು ಮುಚ್ಚಿದರು. ಸಿಡಿಲು ಬೀಳಲಿಲ್ಲ. ಹೆಂಡತಿ ಫೋನ್ ಎತ್ತಿ ವಾರ್ಡಿನ ಇನ್ನೊಬ್ಬ ನರ್ಸಿಗೆ ಕರೆ ಮಾಡಿದರು. "ನಾಳೆ ನನ್ನ ಪಾಳಿ ನೀನು ತಗೋ ಪುಟ್ಟಾ. ಭಾನುವಾರ ನಿಂದು ನಂಗಿರಲಿ. ಮನೇಲಿ ಮಗೂಗೆ ಹುಷಾರಿಲ್ಲ ಅಂತಿದ್ಯಲ್ಲ, ಭಾನುವಾರ ಪೂರ್ತಿ ಜೊತೇಲಿರು." ಆ ಕಡೆಯಿಂದ ಥ್ಯಾಂಕ್ಸ್ ಸುರಿಯಿತು! ಆಮೇಲೆ ತಮ್ಮನ ಕಡೆ ತಿರುಗಿದರು.

"ಅಕ್ಕಾ, ಟ್ರೇಡ್ ಅಂದ್ರೆ ಟ್ರೇಡ್. ಭಾವ ಕೈ ಕುಲುಕಿದಾರೆ."

"ಹೌದಪ್ಪ, ಮಾತು ತಪ್ಪಬಾರದು. ಈಗ ನಾನೊಂದು ಟ್ರೇಡ್ ಹೇಳ್ತೀನಿ. ಹೊಸ ಯೂನಿಫಾರ್ಮ್ ಕೊಡಿಸು ಅಂತ ಕೇಳಲ್ಲ. ಅಮ್ಮನ ಕಿವಿಗೂ ಹಾಕಲ್ಲ. ಮೆಷೀನು ಕೆಳಗೆ ಬರುತ್ತೆ. ಫ್ಯಾನು, ಇಸ್ತ್ರಿ, ಕ್ಲೀನರ್ ಕೆಳಗೇ ಇರುತ್ತೆ."

"ಮತ್ತೆ ನಂಗೇನು?"

"ಪ್ರತಿ ಭಾನುವಾರ ನಿನ್ನ ಬಟ್ಟೆಯೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮೇಲಕ್ಕೆ ಬರುತ್ತೆ."

"ಯಾರು ಮಾಡ್ತಾರೆ?"

"ನಿನ್ನ ಭಾವ."

ಭಾವಮೈದುನ ಕ್ಷಣವೂ ಯೋಚಿಸದೆ ಕೈ ಚಾಚಿದ. ಯಜಮಾನರಿಗೆ ಬಾಯಿ ತೆರೆಯಲೂ ಅವಕಾಶ ಸಿಗಲಿಲ್ಲ. ಆದರೆ, ಸತ್ಯ ಹೇಳಬೇಕೆಂದರೆ, ಅವರು ಬಾಯಿ ತೆರೆದೇ ನಿಂತಿದ್ದರು, ಮೆಚ್ಚುಗೆಯಿಂದ! ಇಂಥ ಮ್ಯಾನೇಜರ್ ತಂಡಕ್ಕಿದ್ದಿದ್ದರೆ ಆ ಮೂವರೂ ಬರುತ್ತಿದ್ದರು, ಗೋಪುರವೂ ಉಳಿಯುತ್ತಿತ್ತು!

"ಭಾವಾ, ನಿಮ್ಮ ವಾದ ಒಪ್ಪಿದೆ," ಎಂದ ಭಾವಮೈದುನ, ಮೆಷೀನಿನ ಇನ್ನೊಂದು ತುದಿ ಹಿಡಿದು ಕೆಳಗಿಳಿಯುತ್ತಾ. "ಒಂದು ಕೊಟ್ಟು ಮೂರು ತಗೊಂಡೋರೇ ಗೆದ್ದೋರು. ಅಕ್ಕ ಗೆದ್ರು."

ಭಾನುವಾರ ಟೀವಿಯಲ್ಲಿ ಗೋಪುರ ಹೊಸ ತಂಡದ ಪರ ಎಗರಿ ಎಗರಿ ಚೆಂಡು ಹಾಕುತ್ತಿದ್ದ. ಅವನ ಸೊಗಸಿಗೆ ಶಿಳ್ಳೆ ಹೊಡೆಯುತ್ತಾ ಯಜಮಾನರು ಭಾವಮೈದುನನ ಕೆಂಪು ಜೆರ್ಸಿಗೆ ಇಸ್ತ್ರಿ ತಿಕ್ಕುತ್ತಿದ್ದರು. ಹೊಸ ಬಿಳಿ ಯೂನಿಫಾರ್ಮ್ ತೊಟ್ಟು ಕೆಲಸಕ್ಕೆ ಹೊರಟ ಹೆಂಡತಿಯನ್ನು ಕಂಡು ಎದೆಯುಬ್ಬಿಸಿದರು.

"ಲೇ, ಏನೇ ಹೇಳು, ಅಷ್ಟೊಂದು ಸಾಮಾನಿಗೆ ಬದಲಾಗಿ ನೀನು ಕೊಟ್ಟಿದ್ದು ನನ್ನೊಬ್ಬನ್ನ. ಅಂದ್ರೆ ನಮ್ಮನೆ ಗೋಪುರ ನಾನೇ ತಾನೇ?"

ಹೆಂಡತಿ ಚಪ್ಪಲಿ ಮೆಟ್ಟುತ್ತಾ ನಿಂತರು.

"ನಿಮ್ಮನ್ನ ಅವನು ಕೇಳಲೇ ಇಲ್ವಲ್ರೀ. ಲೆಕ್ಕ ಸರಿಹೋಗಲಿ ಅಂತ ನಾನೇ ಸೇರಿಸಿದ್ದು!"