ಮೌಶಿಯ ಗಾಣ, ಕಾಕಾನ ಘಾಟು

ಇಡೀ ಪುಣೆಯಲ್ಲಿ ನನಗೆ ಗೊತ್ತಿರುವ ಅತಿ ವೇಗದ ಡ್ರೈವರ್ ಯಾರು ಎಂದು ಕೇಳಿದರೆ, ನಾನು ಒಂದು ಕ್ಷಣವೂ ಯೋಚಿಸದೆ ನಮ್ಮ ಮೌಶಿಯ ಕಡೆಗೆ ಬೆರಳು ತೋರಿಸುತ್ತೇನೆ. ಅರವತ್ತು ದಾಟಿ ಬಹಳ ದಿನವಾಯಿತು. ಲೈಸೆನ್ಸ್ ಇಲ್ಲ. ಸ್ಕೂಟರಿನ ಹಿಂದೆ ಕೂತರೂ ಹನುಮಪ್ಪನ ಹೆಸರು ಹೇಳುತ್ತ ಮುಂದಿನವರ ಅಂಗಿ ಹರಿಯುವಂತೆ ಹಿಡಿಯುವಾಕೆ. ಆದರೆ ನಿಗಡಿಯ ತನ್ನ ಫ್ಲ್ಯಾಟಿನಲ್ಲಿ, ಟೀವಿಯ ಎದುರು, ಊಟದ ಮೇಜಿಗೆ ಬಿಗಿದ ಆಟದ ಸ್ಟಿಯರಿಂಗ್ ಹಿಡಿದಳೆಂದರೆ ಗಂಟೆಗೆ ಮುನ್ನೂರು ಕಿಲೋಮೀಟರಿಗೆ ಕಡಿಮೆ ಇಲ್ಲ!

ಅಷ್ಟು ವೇಗದಲ್ಲಿ ಎಲ್ಲಿಗೆ ಹೋಗುತ್ತಾಳೆ? ಎಲ್ಲಿಗೂ ಇಲ್ಲ. ಹೊರಟಲ್ಲಿಗೇ ವಾಪಸು ಬರುತ್ತಾಳೆ. ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಕಾರ್ ರೇಸಿನ ವಿಡಿಯೋ ಗೇಮುಗಳಲ್ಲಿ ಎರಡು ಜಾತಿಯ ಟ್ರ್ಯಾಕುಗಳಿರುತ್ತವೆ. ಒಂದು ಓವಲ್, ಅಂದರೆ ಮೊಟ್ಟೆಯಾಕಾರದ ದಾರಿ. ಎಡಕ್ಕೆ ತಿರುಗು, ನೆಟ್ಟಗೆ ಓಡು, ಮತ್ತೆ ಎಡಕ್ಕೆ ತಿರುಗು, ಮುಗಿಯಿತು. ಇನ್ನೊಂದು ರೋಡ್ ಕೋರ್ಸ್. ಅದರಲ್ಲಿ ಏರು, ಇಳಿಜಾರು, ಎಡ, ಬಲ, ಹಾವಿನ ಬಾಲದಂಥ ತಿರುವುಗಳು. ಜಗತ್ತಿನ ಬುದ್ಧಿವಂತರೆಲ್ಲ ಎರಡನೆಯದನ್ನು ಮೆಚ್ಚುತ್ತಾರೆ. ನಮ್ಮ ಮೌಶಿ ಮೊದಲನೆಯದನ್ನು. ಜಗತ್ತಿಗೆ ತಿಳುವಳಿಕೆ ಕಡಿಮೆ ಎಂಬುದು ಆಕೆಯ ಖಚಿತ ಅಭಿಪ್ರಾಯ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದವಳು. ಕಾಲೇಜಿನಲ್ಲಿದ್ದಾಗ ಓಟದಲ್ಲಿ ಹುಡುಗಿಯರಿಗೆಲ್ಲ ಬೆನ್ನು ತೋರಿಸಿದವಳು. ಮದುವೆಯಾಗಿ ಪುಣೆಗೆ ಬಂದ ಮೇಲೆ ಒಂದು ಮರಾಠಿ ಶಾಲೆಯಲ್ಲಿ ಪೀಟಿ ಟೀಚರ್ ಆಗಿ, ನಿವೃತ್ತಿಯಾಗುವವರೆಗೆ ಮಕ್ಕಳನ್ನು ಓಡಿಸಿದವಳು. ಕೊರಳಿನಲ್ಲಿ ಮಂಗಳಸೂತ್ರದ ಜೊತೆಗೆ ಇಂದಿಗೂ ಒಂದು ಸೀಟಿ ನೇತಾಡುತ್ತಿರುತ್ತದೆ. ಅಡಿಗೆಮನೆಯಿಂದ ಕಾಕಾನನ್ನು ಊಟಕ್ಕೆ ಕರೆಯುವುದೂ ಅದರಿಂದಲೇ. ಕಾಕಾ ಎಂದರೆ ಆಕೆಯ ಗಂಡ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದವರು. ರಜೆ ಸಿಕ್ಕರೆ ಸಾಕು, ತಮ್ಮ ಹಳೆಯ ಕಾರು ಹತ್ತಿ ಸಹ್ಯಾದ್ರಿಯ ಘಾಟುಗಳನ್ನೆಲ್ಲ, ಅಂದರೆ ಘಟ್ಟದ ದಾರಿಗಳನ್ನೆಲ್ಲ, ಏರಿ ಇಳಿದು ಬರುತ್ತಿದ್ದರು. ಯಾವ ಘಾಟಿನಲ್ಲಿ ಯಾವ ತಿರುವಿನ ಬಳಿ ಒಳ್ಳೆಯ ವಡಾಪಾವ್ ಸಿಗುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಈ ಆಟದ ಯಂತ್ರ ಇವರ ಮನೆಗೆ ಬಂದದ್ದು ಶಿಕ್ಷೆಗೊಳಗಾದ ಕೈದಿಯ ಹಾಗೆ. ಮಗಳು ತನ್ನ ಮಗ ಹತ್ತನೇ ಇಯತ್ತೆಗೆ ಬಂದನೆಂದು ಅದನ್ನು, ಸ್ಟಿಯರಿಂಗು ಪೆಡಲುಗಳ ಸಮೇತ, ತವರಿನ ಅಟ್ಟದಲ್ಲಿ ಇಟ್ಟು ಹೋದಳು. ಪರೀಕ್ಷೆ ಮುಗಿಯುವವರೆಗೆ ಯಾರೂ ಮುಟ್ಟಬಾರದೆಂದು ತಾಕೀತು ಮಾಡಿದ್ದಳು. ಯಾರೂ ಎಂದರೆ ತನ್ನ ಮಗ ಎಂದು ಆಕೆಯ ಲೆಕ್ಕ. ತನ್ನ ತಂದೆತಾಯಿಯನ್ನೂ ಸೇರಿಸಿ ಹೇಳಬೇಕೆಂದು ಪಾಪ, ಆಕೆಗೆ ಹೇಗೆ ಹೊಳೆಯಬೇಕು? ಪರೀಕ್ಷೆ ಮುಗಿದ ಮೇಲೆ ವಾಪಸು ಒಯ್ಯಲು ಬಂದಾಗ ಮೌಶಿ ಬಾಗಿಲಲ್ಲೇ ನಿಂತು, ಇನ್ನು ಹನ್ನೊಂದು, ಹನ್ನೆರಡನೆಯದರ ಅಭ್ಯಾಸ ಇನ್ನೂ ಕಠಿಣ, ಹುಡುಗ ಹಾಳಾಗುತ್ತಾನೆ ಎಂದು ಮಗಳಿಗೇ ಬುದ್ಧಿ ಹೇಳಿ ಕಳುಹಿಸಿದಳು.

ಅಂದಿನಿಂದ ಆ ಮನೆಯಲ್ಲಿ ಎರಡು ಪಕ್ಷ. ಸಂಜೆ ಚಹಾ ಆದ ಮೇಲೆ ಮೊದಲು ಕಾಕಾನ ಪಾಳಿ, ಆಮೇಲೆ ಮೌಶಿಯದು. ಕಾಕಾ ರೋಡ್ ಕೋರ್ಸಿನವರು. ಸಮುದ್ರದ ದಂಡೆಯ ಗುಡ್ಡದ ಮೇಲೆ ಹೋಗುವ ಒಂದು ದಾರಿ ಅವರಿಗೆ ಅಚ್ಚುಮೆಚ್ಚು. ಮೌಶಿಯ ಪಾಳಿ ಬಂದಾಗ ಸೋಫಾದಲ್ಲಿ ಕೂತು ಕಾಲು ಕುಣಿಸುತ್ತ ಟೀಕೆ ಮಾಡುವುದು ಅವರ ಎರಡನೆಯ ಆಟ.

"ಇದಕ್ಕ ರೇಸ್ ಅಂತಾರೇನ? ನಮ್ಮೂರಾಗ ಎತ್ತು ಮಾಡ್ತಿತ್ತು ಇದನ್ನ. ಗಾಣ ಅಂತಿದ್ರು."

"ಗಾಣದಿಂದ ಎಣ್ಣಿ ಬರ್ತದ್ರಿ," ಎಂದು ಮೌಶಿ ಟೀವಿಯಿಂದ ಕಣ್ಣು ಕೀಳದೆ ಹೇಳುತ್ತಿದ್ದಳು. "ನಿಮ್ಮ ಘಾಟಿನಿಂದ ಏನ್ ಬರ್ತದ? ವಾಂತಿ."

ನಾನೂ ಒಮ್ಮೆ ಬಾಯಿ ಹಾಕಿದೆ. ನಾನಿರುವ ಬಿಬವೇವಾಡಿಯಿಂದ ನಿಗಡಿಯವರೆಗೆ ಟ್ರಾಫಿಕ್ಕಿನಲ್ಲಿ ಬೆಂದು ಬಂದ ಸಿಟ್ಟಿನಲ್ಲಿ, ಮೌಶಿ, ಬರೀ ಎಡಕ್ಕೆ ತಿರುಗುವುದರಲ್ಲಿ ಏನು ಕಷ್ಟವಿದೆ ಎಂದು ಕೇಳಿಬಿಟ್ಟೆ. ಮೌಶಿ ಆಟ ನಿಲ್ಲಿಸಿದಳು. ಮೂರು ತಲೆಮಾರಿನ ಮಕ್ಕಳು ನಡುಗಿದ ಆ ನೋಟವನ್ನು ನನ್ನ ಮೇಲೆ ಇಟ್ಟಳು. ಒಲಿಂಪಿಕ್ಸಿನಲ್ಲಿ ಓಡುವವರು ಯಾವ ಕಡೆಗೆ ತಿರುಗುತ್ತಾರೆ ಹೇಳು ಎಂದಳು. ಎಡಕ್ಕೆ ಎಂದೆ. ಹಾಗಾದರೆ ಅವರು ಎತ್ತುಗಳೇನು ಎಂದಳು. ಆಮೇಲೆ ಆಕೆ ಹೇಳಿದ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. "ರೋಡ್ ಕೋರ್ಸಿನ್ಯಾಗ ನಿನ್ನ ಜಗಳ ರಸ್ತಾದ ಜೋಡಿ. ಓವಲಿನ್ಯಾಗ ರಸ್ತಾ ಎಲ್ಲಾರಿಗೂ ಒಂದ. ಅಲ್ಲೆ ಜಗಳ ಮನಷ್ಯಾರ ಜೋಡಿ. ಬಾಜೂದಾಂವ ಏನ್ ಮಾಡ್ತಾನ ಅನ್ನೋದು ಅವನಕಿಂತ ಮೊದಲ ನಿನಗ ತಿಳೀಬೇಕು."

ಇದು ಕೇವಲ ಬಾಯಿಮಾತಲ್ಲ ಎಂಬುದಕ್ಕೆ ಆಕೆಯ ಕುತ್ತಿಗೆಯೇ ಸಾಕ್ಷಿ. ಆಟ ಆಡುವಾಗ ಕೋಳಿಯ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಲೇ ಇರುತ್ತದೆ. ಯಾವ ಗಾಡಿ ಹಿಂದೆ ಅಂಟಿಕೊಂಡಿದೆ, ಯಾವುದು ಪಕ್ಕಕ್ಕೆ ಬಂತು, ಎಲ್ಲದರ ಮೇಲೂ ಕಣ್ಣು. ಪಕ್ಕದವನು ಬೇಕೆಂದೇ ತಾಗಿಸಿದರೆ ಸೀಟಿ ಊದುತ್ತಾಳೆ. ಟೀವಿಯೊಳಗಿನ ಗಾಡಿಗೆ ಸೀಟಿ ಕೇಳಿಸುವುದಿಲ್ಲ, ನಿಜ. ಆದರೆ ಇಡೀ ಹೌಸಿಂಗ್ ಸೊಸೈಟಿಗೆ ಕೇಳಿಸುತ್ತದೆ.

ಹಾಗೆ ಕೇಳಿಸಿಕೊಂಡವರಲ್ಲಿ ಕೆಳಗಿನ ಮನೆಯ ಮರಾಠಿ ಅಜ್ಜಿ, ಎಲ್ಲರ ಬಾಯಲ್ಲಿ ಆಜಿ, ಅವರೂ ಒಬ್ಬರು. ಒಂದು ದಿನ ವಿಚಾರಿಸಲು ಮೇಲೆ ಬಂದವರು ಟೀವಿ ನೋಡಿ ಗಾಬರಿಯಾದರು. ದೇವರಿಗೆ ಬಲಗಡೆಯಿಂದ ಸುತ್ತು ಹಾಕುತ್ತೇವೆ. ಇದು ಪೂರಾ ಉಲ್ಟಾ ಪ್ರದಕ್ಷಿಣೆ, ಮನೆಗೆ ಒಳ್ಳೆಯದಲ್ಲ ಎಂದರು. ಕಾಕಾನಿಗೆ ಹಬ್ಬವಾಯಿತು. ಇಷ್ಟು ದಿನ ನನ್ನ ಮಾತು ಕೇಳಲಿಲ್ಲ, ಈಗ ಶಾಸ್ತ್ರದ ಮಾತನ್ನಾದರೂ ಕೇಳು ಎಂದು ಎದ್ದು ಕೂತರು. ಮೌಶಿ ಆಜಿಗೆ ಮರಾಠಿಯಲ್ಲಿ ಬಹಳ ನಯವಾಗಿ ಉತ್ತರಿಸಿದಳು: ನಡುವೆ ಗಣಪತಿ ಕೂತಿದ್ದರೆ ನಾನು ಖಂಡಿತ ಬಲಕ್ಕೇ ತಿರುಗುತ್ತಿದ್ದೆ, ಟ್ರ್ಯಾಕಿನ ನಡುವೆ ಬರೀ ಹುಲ್ಲಿದೆ, ನೀವೇ ನೋಡಿ. ಆಜಿ ಕನ್ನಡಕ ಏರಿಸಿ ನೋಡಿದರು. ಹುಲ್ಲೇ ಇತ್ತು. ಅಷ್ಟರಲ್ಲಿ ಮೌಶಿ ಅವರ ಕೈಗೆ ಚಹಾ ಕೊಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಆಜಿ, ಆ ಕೆಂಪು ಗಾಡಿಯವನು ಸರಿಯಿಲ್ಲ, ಅವನನ್ನು ಬಿಡಬೇಡ ಎಂದು ಸಲಹೆ ಕೊಡತೊಡಗಿದರು. ಕಾಕಾ ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಗಣೇಶೋತ್ಸವಕ್ಕೆ ಸೊಸೈಟಿಯ ಹುಡುಗರು ವಿಡಿಯೋ ಗೇಮಿನ ರೇಸು ಇಟ್ಟರು. ಎಲ್ಲವೂ ರೋಡ್ ಕೋರ್ಸು. ಮೌಶಿ ನೇರವಾಗಿ ಕಮಿಟಿಯ ಸಭೆಗೆ ಹೋಗಿ ಓವಲ್ ಯಾಕಿಲ್ಲ ಎಂದು ಕೇಳಿದಳು. ಗಡ್ಡ ಬಿಟ್ಟ ಕಾರ್ಯದರ್ಶಿ ನಕ್ಕು, "ಕಾಕು, ತ್ಯಾತ ಕಾಯ ಮಜಾ?" ಎಂದ, ಚಿಕ್ಕಮ್ಮ, ಅದರಲ್ಲಿ ಏನು ಮಜಾ ಎಂದು. ಮಜಾ ಇದೆಯೋ ಇಲ್ಲವೋ ಆಡಿ ನೋಡಿ ಹೇಳು, ಫೈನಲ್ ಓವಲಿನಲ್ಲೇ ಆಗಲಿ, ಇಲ್ಲದಿದ್ದರೆ ಆರತಿಯ ಹೊತ್ತಿಗೆ ನಾನು ಮಂಟಪದಲ್ಲೇ ಸೀಟಿ ಊದುತ್ತೇನೆ ಎಂದಳು. ಗಣಪತಿಗೆ ಹೆದರದಿದ್ದರೂ ಹುಡುಗರು ಸೀಟಿಗೆ ಹೆದರಿದರು.

ಫೈನಲಿನಲ್ಲಿ ನಾಲ್ಕು ಗಾಡಿ: ರೋಡ್ ಕೋರ್ಸಿನಲ್ಲಿ ಗೆದ್ದು ಬಂದ ಮೂವರು ಹುಡುಗರದು, ಸೀಟಿಯ ಬಲದಿಂದ ಸೇರಿಕೊಂಡ ಮೌಶಿಯದು. ಮೌಶಿ ಮೊದಲಿನಿಂದ ಕಾರ್ಯದರ್ಶಿಯ ಹಿಂದೆಯೇ, ನೆರಳಿನ ಹಾಗೆ. ನಮ್ಮ ಕಾಲದಲ್ಲಿ ಎದುರುಗಾಳಿಯಲ್ಲಿ ಸೈಕಲ್ ಹೊಡೆಯುವವರು ಬಸ್ಸಿನ ಹಿಂದೆ ಸೇರಿಕೊಳ್ಳುತ್ತಿದ್ದರಲ್ಲ, ಗಾಳಿಯೆಲ್ಲ ಬಸ್ಸಿಗೆ, ಆರಾಮ ನಮಗೆ, ಅದೇ ಉಪಾಯ. ಜನ "ಕಾಕು, ಮುಂದೆ ಹೋಗಿ" ಎಂದು ಕೂಗಿದರೂ ಆಕೆ ಕದಲಲಿಲ್ಲ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹುಡುಗ ಗೆದ್ದೆನೆಂದು ಕೊಂಚ ಸಡಿಲಾದ. ಮೌಶಿ ಒಳಗಿನಿಂದ ನುಗ್ಗಿ, ಮೂಗಿನಷ್ಟು ಮುಂದೆ ಗೆರೆ ದಾಟಿದಳು. ಮೊದಲು ಚಪ್ಪಾಳೆ ತಟ್ಟಿದವರು ಯಾರು ಗೊತ್ತೆ? ಕಾಕಾ. ತಟ್ಟಿದ ಮೇಲೆ ತಾವು ಯಾವ ಪಕ್ಷ ಎಂಬುದು ನೆನಪಾಗಿ ಕೈ ಜೇಬಿಗೆ ಸೇರಿಸಿದರು.

ಆ ಹಬ್ಬದ ನಂತರ ಕಾಕಾನ ಆಟ ಕೆಡತೊಡಗಿತು. ಕಣ್ಣು ಮುಚ್ಚಿ ಓಡಿಸಬಲ್ಲೆ ಎನ್ನುತ್ತಿದ್ದ ದಾರಿಗಳಲ್ಲೇ ಗೋಡೆಗೆ ಹೊಡೆಯತೊಡಗಿದರು. ಸ್ಟಿಯರಿಂಗ್ ಸಡಿಲಾಗಿದೆ ಎಂದರು. ಬಿಗಿ ಮಾಡಿಸಿದರೂ ಅದೇ ಕತೆ. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಬಾಗಿಲನ್ನೇ ಬೈದರು. ಮೌಶಿ ಮೊದಮೊದಲು ನಕ್ಕಳು. ಘಾಟಿನ ರಾಜರಿಗೆ ಮುಪ್ಪು ಬಂತು ಎಂದು ಫೋನಿನಲ್ಲಿ ನನಗೂ ಹೇಳಿದಳು. ಒಂದು ಸಂಜೆ ಕಾಕಾ ಪಕ್ಕದ ಗಾಡಿಯ ಮೇಲೆಯೇ ತಿರುಗಿಸಿಬಿಟ್ಟರು. ಬಾಜೂಕ್ಕೆ ಗಾಡಿ ಇತ್ತಲ್ಲ ಎಂದು ಮೌಶಿ ಕೇಳಿದಳು.

"ಎಲ್ಲಿ ಇತ್ತು?" ಎಂದರು ಕಾಕಾ.

ಅವರು ವಾದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಬದುಕಿಡೀ ಪಕ್ಕದವರ ಮೇಲೆ ಕಣ್ಣಿಟ್ಟು ಓಡಿದವಳಿಗೆ ಆ ಪ್ರಶ್ನೆ ಸಾಕಾಯಿತು. ಗಂಡನನ್ನು ಎದ್ದು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನನ್ನ ಮೂಗನ್ನೇ ನೋಡಿರಿ, ಸೀಟಿ ಕಂಡ ಕೂಡಲೇ ಹೇಳಿರಿ ಎಂದು ಸೀಟಿಯನ್ನು ಅವರ ಕಿವಿಯ ಕಡೆಯಿಂದ ನಿಧಾನವಾಗಿ ಮುಂದಕ್ಕೆ ತಂದಳು. ಕಾಕಾ ಹೂಂ ಎನ್ನುವ ಹೊತ್ತಿಗೆ ಸೀಟಿ ಹೆಚ್ಚುಕಡಿಮೆ ಮೂಗಿನ ನೇರಕ್ಕೇ ಬಂದಿತ್ತು. ಇನ್ನೊಂದು ಕಣ್ಣಿನದೂ ಅದೇ ಪಾಡು. ತನಗೆಲ್ಲ ಕಾಣುತ್ತದೆ, ಡಾಕ್ಟರು ಬೇಡ ಎಂದು ಅವರು ಹಟ ಹಿಡಿದರು. ಆಕೆಯ ಮುಂದೆ ಹಟ! ಮರುದಿನ ಬೆಳಿಗ್ಗೆ ರಿಕ್ಷಾದಲ್ಲಿದ್ದರು.

ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸೊರಗಿತ್ತು. ನೋವಿಲ್ಲದೆ, ಸುದ್ದಿಯಿಲ್ಲದೆ, ಅಂಚಿನಿಂದ ಒಳಕ್ಕೆ ನೋಟ ಸವೆಯುತ್ತ ಬರುವ ಕಾಯಿಲೆ. ಹೋದದ್ದು ಬರುವುದಿಲ್ಲ, ಔಷಧ ತಪ್ಪಿಸದಿದ್ದರೆ ಉಳಿದದ್ದು ಉಳಿಯಬಹುದು ಎಂದರು ಡಾಕ್ಟರು. ಉಳಿದದ್ದು ಎಂದರೆ ನಟ್ಟನಡುವಿನ ಒಂದು ಅಂಗೈಯಗಲ.

ಅಂದಿನಿಂದ ಕಾರಿನ ಕೀಲಿ ಗೂಟಕ್ಕೆ ಹೋಯಿತು. ಕಾಕಾ ಆಟವನ್ನೂ ಬಿಟ್ಟರು. ಓಡುವ ಚಿತ್ರ ನೋಡಿದರೆ ತಲೆ ತಿರುಗುತ್ತದೆ ಎಂದರು. ಮೌಶಿ ತನ್ನ ಪಾಳಿಯಲ್ಲಿ ಓವಲ್ ಹಚ್ಚಿ ಕೂರುತ್ತಿದ್ದಳು. ಸೋಫಾದಿಂದ ಎತ್ತಿನ ಸುದ್ದಿಯಿಲ್ಲ, ಗಾಣದ ಸುದ್ದಿಯಿಲ್ಲ. "ಬೈಯಾಕೂ ಒಲ್ಲರು ನೋಡು," ಎಂದು ನನಗೆ ಫೋನಿನಲ್ಲಿ ಹೇಳಿದಳು. ಆಕೆಯ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕಾಕಾನ ದೊಡ್ಡ ದನಿ ಕೇಳಿಸುತ್ತಿತ್ತು. ಮೇಜಿನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಸ್ಟಿಯರಿಂಗ್ ಹಿಡಿದ ಮೌಶಿ, ಪಕ್ಕದಲ್ಲಿ ಕಣ್ಣು ಮುಚ್ಚಿದ ಕಾಕಾ. ಟೀವಿಯಲ್ಲಿ ಸಮುದ್ರದಂಡೆಯ ಆ ಗುಡ್ಡದ ದಾರಿ. ಕಾಕಾ ಇಂಜಿನಿನ ಸದ್ದು ಕೇಳಿಯೇ ಈಗ ಏರು, ಈಗ ಗೇರ್ ಇಳಿಸು, ಈಗ ಬಲಕ್ಕೆ ಎನ್ನುತ್ತಿದ್ದರು. ಮೌಶಿ ಹೊಸ ಸೊಸೆ ರೊಟ್ಟಿ ಬಡಿದಂತೆ ಅಂಜುತ್ತ ತಿರುಗಿಸಿ, ಉಸುಕಿನಲ್ಲಿ ಹೂತು, ಬೈಸಿಕೊಂಡು, ಮತ್ತೆ ದಾರಿಗೆ ಬರುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ಹಿಂತಿರುಗದೆಯೇ ಹೇಳಿದಳು:

"ನಗಬ್ಯಾಡ. ನಾ ಪಕ್ಷ ಬಿಟ್ಟಿಲ್ಲ. ಇದು ರೇಸ್ ಅಲ್ಲ. ಇವರನ್ನ ತಿರಗಾಡಿಸ್ಕೊಂಡ ಬರ್ಲಿಕ್ಕೆ ಹೊಂಟೀನಿ, ಅಷ್ಟ."

ನಾನು ನಗಲಿಲ್ಲ. ಗುಡ್ಡದ ನೆತ್ತಿಯಲ್ಲಿ ಕಾಕಾ, ಇಲ್ಲಿ ಎಡಗಡೆ ಸಮುದ್ರ ಕಾಣಬೇಕಲ್ಲ ಎಂದರು. ಮೌಶಿ ಬ್ರೇಕ್ ಒತ್ತಿದಳು. ರೇಸಿನ ನಡುವೆ, ನಡುರಸ್ತೆಯಲ್ಲಿ, ಗಾಡಿಯನ್ನು ಸಮುದ್ರದ ಕಡೆಗೆ ಅಡ್ಡ ತಿರುಗಿಸಿ ನಿಲ್ಲಿಸಿದಳು. ಹಿಂದಿನ ಗಾಡಿಗಳು ಒಂದೊಂದಾಗಿ ರೊಯ್ಯನೆ ದಾಟಿ ಹೋದವು. ಒಂದು ತಾಗಿಸಿಕೊಂಡೂ ಹೋಯಿತು. ಮೌಶಿ ಸೀಟಿಗೆ ಕೈ ಹಾಕಲಿಲ್ಲ.

"ನಿಲ್ಲಿಸೀನ್ರಿ. ಹೋಗೋರು ಹೋಗ್ಲಿ. ನೀವು ಸಾವಕಾಶ ನೋಡ್ರಿ."

ಕಾಕಾ ಕಣ್ಣು ತೆರೆದರು. ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು, ಮುಖವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸರಿಸುತ್ತ, ಆ ನಿಂತ ಸಮುದ್ರವನ್ನು ಅಂಗೈ ಅಂಗೈಯಗಲವಾಗಿ ನೋಡುತ್ತ ಹೋದರು. ಕೊನೆಯ ಮೂಲೆಗೆ ಬಂದವರು ಅಲ್ಲೇ ತಡೆದರು.

"ಇಲ್ಲೊಂದು ದೋಣಿ ಅದ ನೋಡ," ಎಂದರು. "ಇಷ್ಟ ಸಲ ಇದ ದಾರಿಲೇ ಹೋಗೀನಿ. ಕಂಡೇ ಇದ್ದಿಲ್ಲ."